ಇಂಜಿನ್ ನಿಂತ ಮೇಲಿನ ಸದ್ದು

ಕಾರವಾರದ ಕಿವಿ ಡಾಕ್ಟರು ನನ್ನ ಎರಡೂ ಕಿವಿಗೆ ಯಂತ್ರ ಹಚ್ಚಿ, ಅರ್ಧ ತಾಸು ಕುಂಯ್ ಪೀಂ ಎನ್ನಿಸಿ, ಕಾಗದದ ಮೇಲೆ ಗೆರೆ ಎಳೆದು, "ಅರವತ್ತಾರು ವರ್ಷಕ್ಕೆ ಇಂಥ ಕಿವಿ ಅಪರೂಪ. ಏನೂ ತೊಂದರೆ ಇಲ್ಲ" ಎಂದರು. ಬೇರೆ ಯಾರಾದರೂ ಆಗಿದ್ದರೆ ಪೇಡೆ ಹಂಚುತ್ತಿದ್ದರು. ನಾನು ಹೆದರಿದೆ. ಕಿವಿ ಸರಿಯಿದೆ ಎಂದಾದರೆ ಕೆಟ್ಟಿರುವುದು ತಲೆಯೇ.

ನಾನು ಕೇಣಿಯ ಜಟ್ಟಪ್ಪ. ಮೂವತ್ತೊಂದು ವರ್ಷ ಸರಕಾರಿ ಬಸ್ಸು ಓಡಿಸಿದವನು. ಅಂಕೋಲೆಯಿಂದ ಹುಬ್ಬಳ್ಳಿ ದಾರಿಯಲ್ಲಿ ಅರಬೈಲ್ ಘಟ್ಟವನ್ನು ಎಷ್ಟು ಸಲ ಹತ್ತಿ ಇಳಿದೆ ಎಂದು ಕೇಳಿದರೆ ಹೇಳಲಾರೆ, ಆದರೆ ಯಾವ ತಿರುವಿನಲ್ಲಿ ಇಂಜಿನ್ ಯಾವ ರಾಗ ತೆಗೆಯುತ್ತದೆ ಎಂಬುದನ್ನು ಇವತ್ತಿಗೂ ಕಣ್ಣು ಮುಚ್ಚಿ ಹೇಳಬಲ್ಲೆ. ಬೆಲ್ಟ್ ಹರಿಯುವುದಕ್ಕೆ ವಾರ ಮೊದಲೇ ಅದರ ಕಿರುಗುಟ್ಟುವಿಕೆ ನನಗೆ ಕೇಳುತ್ತಿತ್ತು. ಡಿಪೋದಲ್ಲಿ ಬರೆದು ಕೊಟ್ಟರೆ ಮೆಕ್ಯಾನಿಕರು ನಗುತ್ತಿದ್ದರು. ವಾರ ಕಳೆದು ಬಸ್ಸು ಘಟ್ಟದಲ್ಲಿ ನಿಂತಾಗ ನಗುವ ಸರದಿ ನನ್ನದು. ಸೀಟಿನ ಹಿಂದೆ ಒಂದು ಹೊಸ ಬೆಲ್ಟನ್ನು ನಾನೇ ತೂಗು ಹಾಕಿಕೊಂಡಿರುತ್ತಿದ್ದೆ.

ಈ ಬೆಲ್ಟಿನ ಸಂಗತಿ ಸ್ವಲ್ಪ ಹೇಳಲೇಬೇಕು, ಏಕೆಂದರೆ ನನ್ನ ಅಷ್ಟೂ ಗೋಳು ಅದರಿಂದಲೇ ಶುರುವಾದದ್ದು. ಇಂಜಿನ್ ಕಾಯದಿರಬೇಕಾದರೆ ಅದರ ಮೈಯೊಳಗೆ ನೀರು ಓಡಾಡುತ್ತಿರಬೇಕು. ಆ ನೀರನ್ನು ನೂಕುವುದು ವಾಟರ್ ಪಂಪ್. ಪಂಪನ್ನು ತಿರುಗಿಸುವುದು ಬೆಲ್ಟ್, ಬೆಲ್ಟನ್ನು ತಿರುಗಿಸುವುದು ಇಂಜಿನ್. ಇಂಜಿನ್ ನಿಂತಿತೋ, ಬೆಲ್ಟ್ ನಿಂತಿತು, ಪಂಪ್ ನಿಂತಿತು, ನೀರೂ ನಿಂತಿತು. ಹಾಗಾಗಿ ಘಟ್ಟ ಹತ್ತಿ ಬಂದ ಗಾಡಿಯನ್ನು ತಟ್ಟನೆ ಬಂದ್ ಮಾಡಬಾರದು. ಎರಡು ನಿಮಿಷ ನಿಂತಲ್ಲೇ ಇಂಜಿನ್ ಚಾಲೂ ಇಟ್ಟು ಅದಕ್ಕೆ ಉಸಿರು ಬಿಡಲು ಬಿಡಬೇಕು. ಡೀಸೆಲ್ ಹಾಳು ಎಂದು ಡಿಪೋ ಮ್ಯಾನೇಜರರಿಂದ ಬೈಸಿಕೊಂಡರೂ ನಾನು ಈ ಪದ್ಧತಿ ಬಿಡಲಿಲ್ಲ. ನನ್ನ ಕೈಯಲ್ಲಿ ಒಂದು ಇಂಜಿನ್ನೂ ಕಾದು ಕೆಡಲಿಲ್ಲ.

ಮಗಳು ಗಾಯತ್ರಿಗೆ ಕಾರವಾರದ ಕಚೇರಿಯಲ್ಲಿ ನೌಕರಿ. ಕಳೆದ ದೀಪಾವಳಿಗೆ ಹೊಸ ಕಾರು ತೆಗೆದುಕೊಂಡಳು, ಪೆಟ್ರೋಲಿಗೂ ಬ್ಯಾಟರಿಗೂ ಓಡುವ ಹೈಬ್ರಿಡ್. ಹೆದ್ದಾರಿಯ ಲಾರಿಗಳ ನಡುವೆ ಓಡಿಸಲು ಅವಳಿಗೆ ಹೆದರಿಕೆ, ನನಗೆ ಮನೆಯಲ್ಲಿ ಕುಳಿತು ಬೇಜಾರು. ದಿನಾ ಬೆಳಿಗ್ಗೆ ಕಾರವಾರ, ಸಂಜೆ ವಾಪಸು ಕೇಣಿ, ಡ್ರೈವರ್ ನಾನೇ. ನಿವೃತ್ತಿಯಾಗಿ ಆರು ವರ್ಷದ ಮೇಲೆ ಮತ್ತೆ ಇಸ್ತ್ರಿ ಅಂಗಿ ಹಾಕಿಕೊಂಡು ಹೊರಟಾಗ ಗಂಗೂ, ನನ್ನ ಹೆಂಡತಿ, "ಮದಿಮಗ್ನ ಹಂಗೆ ಕಾಣ್ತ್ರಿ" ಎಂದು ಕೀಟಲೆ ಮಾಡಿದ್ದಳು.

ಕಾರು ತರಲು ಶಿರವಾಡದ ಅಂಗಡಿಗೆ ಹೋದ ದಿನ ಅಲ್ಲಿನ ಮೆಕ್ಯಾನಿಕ್ ಹುಡುಗಿ ರಕ್ಷಿತಾ ಎಲ್ಲವನ್ನೂ ವಿವರಿಸಲು ಬಂದಳು. ನಮ್ಮೂರಲ್ಲಿ ಮೀನು ಮಾರುವ ಬೀರಿಯ ಮೊಮ್ಮಗಳು ಅವಳು, ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದುದನ್ನು ನೋಡಿದ್ದೇನೆ. ಬಾನೆಟ್ ಎತ್ತಿದಳು. ಒಳಗೆ ಇಂಜಿನ್ ಎಲ್ಲಿದೆ? ಕಪ್ಪು ಪ್ಲಾಸ್ಟಿಕ್ ಮುಚ್ಚಳ, ಟಿಫಿನ್ ಡಬ್ಬಿಯ ಹಾಗೆ. "ಅಜ್ಜಾ, ಇದ್ರ ವಾಟರ್ ಪಂಪ್ ಅದ್ಯಲಾ..." ಎಂದು ಅವಳು ಬಾಯಿ ತೆರೆದಳು.

"ವಾಟರ್ ಪಂಪಿಂದು ನೀ ನಂಗೆ ಹೇಳೂಕೆ ಬರ್ಬೇಡ ಮಾರಾಯ್ತಿ" ಎಂದೆ. "ನೀ ಹುಟ್ಟೂಕೆ ಮೊದ್ಲೇ ನಾ ಹತ್ತು ಪಂಪ್ ಬಿಚ್ಚಿ ಹಾಕ್ಸಿದ್ದೆ. ಎಲ್ಲಿ ಸಹಿ ಮಾಡ್ಬೇಕು ತೋರ್ಸು."

ಅವಳು ನಕ್ಕು ಕಾಗದ ಮುಂದಿಟ್ಟಳು. ನಾನು ಸಹಿ ಮಾಡಿದೆ. ಬೆಲ್ಟ್ ಆ ಡಬ್ಬಿಯ ಅಡಿಯಲ್ಲಿ ಎಲ್ಲೋ ಇರುತ್ತದೆ ಎಂದು ನನ್ನಷ್ಟಕ್ಕೆ ತೀರ್ಮಾನಿಸಿಕೊಂಡೆ.

ಚಳಿಗಾಲ ಸುಖವಾಗಿ ಕಳೆಯಿತು. ಒಂದೇ ಕಿರಿಕಿರಿ ಎಂದರೆ ಗಾಡಿ ನಿಲ್ಲಿಸಿದ ಕೂಡಲೇ ಇಂಜಿನ್ ತಾನಾಗಿ ಸತ್ತುಬಿಡುತ್ತಿತ್ತು. ಉಸಿರು ಬಿಡಿಸೋಣ ಎಂದರೆ ಅದಕ್ಕೆ ಬೇಡ. ಏಪ್ರಿಲ್ ಬಂತು. ಸೆಕೆ ಎಂದರೆ ಬೆಳಿಗ್ಗೆ ಎಂಟಕ್ಕೇ ಬೆನ್ನಿಗೆ ಅಂಗಿ ಅಂಟುವ ಸೆಕೆ. ಒಂದು ಸಂಜೆ ಮನೆಯ ಅಂಗಳದಲ್ಲಿ ಕಾರು ನಿಲ್ಲಿಸಿ ಬಂದ್ ಮಾಡಿದೆ. ಗಾಯತ್ರಿ ಎಂದಿನಂತೆ ಬಾಗಿಲು ದೂಡಿ ಬಚ್ಚಲಿಗೆ ಓಡಿದಳು. ನಾನು ಬಟ್ಟೆ ತೆಗೆದು ಗಾಜು ಒರೆಸಲು ನಿಂತೆ. ಆಗ ಕೇಳಿತು. ಎಲ್ಲೋ ಸಣ್ಣಗೆ ನೀರು ಹರಿಯುವ ಸದ್ದು, ಅದರ ಜೊತೆ ಒಂದು ಗುಂಯ್.

ಮೊದಲು ಸಮುದ್ರ ಎಂದುಕೊಂಡೆ. ಸಮುದ್ರದ ಸದ್ದು ಬಂದು ಹೋಗಿ ಮಾಡುತ್ತದೆ, ಇದು ಎಡೆಬಿಡದೆ ಹರಿಯುತ್ತಿತ್ತು. ಪಕ್ಕದ ಮನೆಯ ನಲ್ಲಿ ನೋಡಿದೆ, ಬಂದ್. ನಮ್ಮ ಬಾವಿಯ ಪಂಪು ನೋಡಿದೆ, ಬಂದ್. "ಗಂಗೂ, ಲಗೂ ಬಾ ಇಲ್ಲಿ, ಇದೆಂತಾ ಸದ್ದು ಕೇಳು" ಎಂದು ಕೂಗಿದೆ. ಅವಳು ಬಂಗಡೆ ಹೆಚ್ಚುತ್ತಿದ್ದ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಹೊರಗೆ ಬರುವಷ್ಟರಲ್ಲಿ ಸದ್ದು ನಿಂತಿತ್ತು.

"ಎಂತದೂ ಇಲ್ವಲಾ" ಎಂದಳು.

ಎರಡು ದಿನ ಬಿಟ್ಟು ಮತ್ತೆ ಹಾಗೇ ಆಯಿತು. ಮತ್ತೆ ಕೂಗಿದೆ. ಅವಳು ಮತ್ತೆ ಒಲೆ ಸಣ್ಣ ಮಾಡಿ ಬಂದಳು, ಮತ್ತೆ ಸದ್ದಿಲ್ಲ. ಈ ಸಲ ಗಂಗೂ ನನ್ನ ಮುಖವನ್ನೇ ನೋಡಿದಳು. ಅವಳ ಕಣ್ಣಲ್ಲಿ ಇದ್ದದ್ದು ನನಗೆ ಅರ್ಥವಾಯಿತು, ಏಕೆಂದರೆ ಅದೇ ಹೊತ್ತಿಗೆ ನನ್ನ ತಲೆಗೂ ಅದೇ ಬಂದಿತ್ತು. ಬೊಮ್ಮಣ್ಣ.

ಬೊಮ್ಮು ನನ್ನ ಅಣ್ಣ. ಹಿಲ್ಲೂರಿನಲ್ಲಿ ಗದ್ದೆ ಮಾಡಿಕೊಂಡಿದ್ದ ಗಟ್ಟಿ ಆಳು. ಐದು ವರ್ಷದ ಹಿಂದೆ ಒಂದು ಮಧ್ಯಾಹ್ನ ಊಟಕ್ಕೆ ಕುಳಿತವನು ಎದ್ದು, "ಬಾವಿ ಪಂಪು ಚಾಲೂ ಉಳಿದದೆ, ನೀರು ಹರೀತಾ ಅದೆ" ಎಂದ. ರುಕ್ಮಿಣಿ ಅತ್ತಿಗೆ ಹೋಗಿ ನೋಡಿದರೆ ಪಂಪು ಬಂದ್. ಮರುದಿನ ಮತ್ತೆ ಅದೇ. ವಾರ ಕಳೆದರೆ ದಿನಕ್ಕೆ ನಾಲ್ಕು ಸಲ. ನಾವೆಲ್ಲ ನಕ್ಕೆವು, ನಾನೂ ನಕ್ಕೆ. ಆರು ತಿಂಗಳಿಗೆ ಗದ್ದೆಯ ದಾರಿ ಮರೆತ, ವರ್ಷಕ್ಕೆ ನನ್ನ ಹೆಸರು ಮರೆತ. ತೀರಿಹೋದಾಗ ಅವನಿಗೆ ಅತ್ತಿಗೆ ಯಾರೆಂದೂ ಗೊತ್ತಿರಲಿಲ್ಲ. ಎಲ್ಲ ಶುರುವಾದದ್ದು ಇಲ್ಲದ ನೀರಿನ ಸದ್ದಿನಿಂದ.

ಈಗ ನೀವೇ ಹೇಳಿ, ನನಗೆ ಹೆದರಿಕೆಯಾಗದೆ ಏನಾಗಬೇಕು? ಅಣ್ಣನಿಗೆ ಕೇಳಿದ್ದೂ ನೀರು, ನನಗೆ ಕೇಳುತ್ತಿರುವುದೂ ನೀರು. ಅಡ್ಡದಾರಿಯೇ ಇಲ್ಲದ ನೇರ ರಸ್ತೆ.

ಯಾರಾದರೂ ಕೇಳಬಹುದು, ಬಾನೆಟ್ ಎತ್ತಿ ನೋಡಬಾರದಿತ್ತೇ ಎಂದು. ಹೊಸದಾಗಿ ಗಾಡಿ ಕಲಿತ ಹುಡುಗನಾಗಿದ್ದರೆ ಅದನ್ನೇ ಮಾಡುತ್ತಿದ್ದ. ಇಂಜಿನ್ ಸತ್ತ ಮೇಲೆ ನೀರು ಹರಿಯುವುದಿಲ್ಲ ಎಂಬುದು ನನಗೆ ನನ್ನ ಹೆಸರಿನಷ್ಟೇ ಖಾತ್ರಿ. ಗಾಡಿಯಿಂದ ಬರಲು ಸಾಧ್ಯವೇ ಇಲ್ಲದ ಸದ್ದನ್ನು ಗಾಡಿಯಲ್ಲಿ ಹುಡುಕುವುದು ಎಂಥ ಮೂರ್ಖತನ. ಇನ್ನೂ ಒಂದು ಕಾರಣವಿತ್ತು, ಅದನ್ನು ಹೇಳಲು ನಾಚಿಕೆ. ಎತ್ತಿ ನೋಡಿ, ಕಿವಿ ಇಟ್ಟು, ಅಲ್ಲಿ ಏನೂ ಇಲ್ಲ ಎಂದು ಗೊತ್ತಾಗಿಬಿಟ್ಟರೆ? ನೋಡದೆ ಇದ್ದಷ್ಟು ದಿನ ಒಂದು ಎಳೆ ಧೈರ್ಯವಾದರೂ ಉಳಿದಿರುತ್ತದೆ.

ಗಂಗೂ ಮಗಳಿಗೆ ಹೇಳಿದ್ದಳು. ಒಂದು ಭಾನುವಾರ ಬೆಳಿಗ್ಗೆ ಗಾಯತ್ರಿ ತಾನೇ ಕಾರು ಚಾಲೂ ಮಾಡಿ, ಒಂದು ನಿಮಿಷ ಬಿಟ್ಟು ಬಂದ್ ಮಾಡಿ, "ಅಪ್ಪಾ, ಈಗ ಕೇಳ್ತದ್ಯಾ?" ಎಂದಳು. ಕೇಳಲಿಲ್ಲ. ಎರಡು ಸಲ, ಮೂರು ಸಲ ಮಾಡಿದಳು. ಬೆಳಗಿನ ತಂಪಿನಲ್ಲಿ ಕಾರು ಸದ್ದಿಲ್ಲದೆ ನಿಂತಿತ್ತು. ಅವಳು "ಅಡ್ಡಿಲ್ಲ ಬಿಡು, ಕಿವಿ ಒಂದ್ಸಲ ತೋರ್ಸ್ವಾ" ಎಂದು ನಗುತ್ತಲೇ ಹೇಳಿದಳು. ಆ ನಗು ಅವಳ ಅವ್ವ ಮನೆಗೆ ಕಷ್ಟ ಬಂದಾಗ ನಗುವ ನಗು.

ಹಾಗೆ ಹೋದದ್ದು ಕಿವಿ ಡಾಕ್ಟರ ಹತ್ತಿರ, ಹಾಗೆ ಸಿಕ್ಕಿದ್ದು ಆ ಹಾಳು ಶಹಬ್ಬಾಸ್‌ಗಿರಿ. ಗಾಯತ್ರಿ ಹುಬ್ಬಳ್ಳಿಯ ತಲೆ ಡಾಕ್ಟರ ಬಳಿ ಸೋಮವಾರಕ್ಕೆ ಹೆಸರು ಬರೆಸಿದಳು. ಅಣ್ಣನ ಕಾಯಿಲೆ ಹೇಗೆ ಶುರುವಾಯಿತು ಎಂದು ಅವರು ಕೇಳುತ್ತಾರಂತೆ, ಅದನ್ನು ಹೇಳಲು ಅತ್ತಿಗೆಯೇ ಬೇಕು. ಆದ್ದರಿಂದ ಭಾನುವಾರವೇ ಹಿಲ್ಲೂರಿಗೆ ಹೋಗಿ ಅವಳನ್ನು ಕರೆತರುವುದೆಂದಾಯಿತು.

"ಬೇಕಾರೆ ಗಾಡಿ ನಾ ಹೊಡೀತೆ" ಎಂದಳು ಗಾಯತ್ರಿ, ನನ್ನ ಮುಖ ನೋಡದೆ.

ಹೆದ್ದಾರಿಗೆ ಹೆದರುವ ಹುಡುಗಿ ಆ ಮಾತು ಹೇಳಿದಳು ಎಂದರೆ ಅವಳಿಗೆ ಹೆದ್ದಾರಿಗಿಂತ ನನ್ನದೇ ಹೆಚ್ಚು ಹೆದರಿಕೆ ಎಂದು ಅರ್ಥ. ಸಿಟ್ಟು ನೆತ್ತಿಗೇರಿತು. "ನಾ ಸತ್ತಿಲ್ಲ ಇನ್ನೂ" ಎಂದು ಕೀಲಿಕೈ ಕಿತ್ತುಕೊಂಡೆ. ಮನಸ್ಸಿನಲ್ಲಿ ಮಾತ್ರ ಬೇರೆಯದೇ ನಿಶ್ಚಯ ಮಾಡಿದ್ದೆ. ಇದೇ ಕೊನೆಯ ಸಲ. ಅತ್ತಿಗೆಯನ್ನು ತಂದು ಇಳಿಸಿದ ಮೇಲೆ ಕೀಲಿಕೈಯನ್ನು ದೇವರ ಮಾಡದಲ್ಲಿ ಇಡುವುದು, ಮತ್ತೆ ಮುಟ್ಟದಿರುವುದು. ದಾರಿ ಮರೆತವನ ಕೈಯಲ್ಲಿ ಮಗಳ ಜೀವ ಇರಬಾರದು.

ಹಿಲ್ಲೂರಿನಲ್ಲಿ ರುಕ್ಮಿಣಿ ಅತ್ತಿಗೆ ಚೀಲ ಕಟ್ಟಿಕೊಂಡು ಜಗುಲಿಯಲ್ಲೇ ಕಾಯುತ್ತಿದ್ದಳು. ಎಪ್ಪತ್ತು ದಾಟಿದೆ, ಮಂಡಿ ಎರಡೂ ಹಿಡಿದಿವೆ, ನಾಲಗೆ ಮಾತ್ರ ಹಿಡಿದಿಲ್ಲ. ಹಿಂದಿನ ಸೀಟಿನಲ್ಲಿ ಕೂರಿಸುವುದಕ್ಕೇ ಹತ್ತು ನಿಮಿಷವಾಯಿತು. ದಾರಿಯಲ್ಲಿ ಅತ್ತಿಗೆ ಒಬ್ಬಳೇ ಹಸು ಕರು ಹಾಕಿದ್ದು, ಮಂಗ ಬಾಳೆಗೊನೆ ತಿಂದದ್ದು ಹೇಳುತ್ತಿದ್ದಳು. ನಾನು ಪ್ರತಿ ತಿರುವನ್ನೂ ನೋಡಿಕೊಂಡೆ. ಹೊರಗೆ ಬಿಸಿಲು ಸುಡುತ್ತಿತ್ತು, ಒಳಗೆ ಏಸಿ ಜೋರಾಗಿತ್ತು. ಇನ್ನು ಸ್ಟೇರಿಂಗ್ ಹಿಡಿಯುವುದಿಲ್ಲ ಎಂದು ನೆನೆದಾಗ ಕಣ್ಣು ತುಂಬಿ ಬಂತು, ಬೆವರು ಒರೆಸುವ ಹಾಗೆ ಒರೆಸಿಕೊಂಡೆ.

ಕೇಣಿ ಮುಟ್ಟಿ ಅಂಗಳದಲ್ಲಿ ಕಾರು ನಿಲ್ಲಿಸಿದೆ. ಬಂದ್ ಮಾಡಿದೆ. ದೊಡ್ಡಮ್ಮನನ್ನು ಇಳಿಸಲು ಕೈ ಬೇಕೆಂದು ಗಾಯತ್ರಿ ಅವ್ವನನ್ನು ಕರೆಯಲು ಒಳಗೆ ಹೋದಳು. ಸದ್ದು ಶುರುವಾಗಿತ್ತು. ಗುಂಯ್ ಎನ್ನುವ ನೀರು. ನಾನು ಸ್ಟೇರಿಂಗ್ ಹಿಡಿದುಕೊಂಡೇ ಕುಳಿತೆ, ಹಲ್ಲು ಕಚ್ಚಿ, ಅದು ತಾನಾಗಿ ನಿಲ್ಲುವವರೆಗೆ ಕಾಯೋಣ ಎಂದು.

ಹಿಂದಿನಿಂದ ಅತ್ತಿಗೆಯ ದನಿ ಬಂತು. "ಏ ಜಟ್ಟಪ್ಪಾ, ಗಾಡಿ ಬಂದ್ ಮಾಡ್ದ್ಯಾ ಇಲ್ವಾ? ಎಲ್ಲೋ ನೀರು ಹರೀತಾ ಅದ್ಯಲ್ಲಾ."

ನಾನು ತಿರುಗಲಿಲ್ಲ. ತಿರುಗಲು ಆಗಲಿಲ್ಲ. "ಎಂತಾ ಹೇಳ್ದೆ ಅತ್ತಿಗೆ?"

"ನೀರು ಹರೀತಾ ಅದೆ ಅಂದೆ. ನಿಂಗೆ ಕಿವಿ ಕೇಳೂದಿಲ್ವಾ?"

"ಎಲ್ಲಿ?"

"ನಿನ್ನ ಮುಂದೇ ಅದ್ಯಲ್ಲೋ, ಆ ಡಬ್ಬಿಯೊಳ್ಗೆ! ಕಿವಿ ತೋರ್ಸೂಕೆ ಹೋಗಿದ್ಯಂತೆ, ಡಾಕ್ಟ್ರು ಎಂತಾ ಮಣ್ಣು ನೋಡಿದ್ರು?"

ಇಳಿದು ಹೋಗಿ ಬಾನೆಟ್ಟಿನ ಕೊಂಡಿಗೆ ತಡಕಾಡಿದೆ. ಹೇಗೋ ಎತ್ತಿದೆ. ಬಿಸಿ ಗಾಳಿ ಮುಖಕ್ಕೆ ಬಡಿಯಿತು. ಕಪ್ಪು ಮುಚ್ಚಳದ ಪಕ್ಕ ಒಂದು ದಪ್ಪ ರಬ್ಬರ್ ಕೊಳವೆಯ ಮೇಲೆ ಅಂಗೈ ಇಟ್ಟೆ. ಅದು ನಡುಗುತ್ತಿತ್ತು. ಒಳಗೆ ನೀರು ಓಡುತ್ತಿತ್ತು, ಜೀವಂತ ನೀರು, ನನ್ನ ಅಂಗೈ ಕೆಳಗೆ. ಇಂಜಿನ್ ಸತ್ತಿತ್ತು, ನೀರು ಬದುಕಿತ್ತು.

"ಗಂಗೂ!" ಎಂದು ಕಿರುಚಿದೆ. ಊರಿಗೇ ಕೇಳಿರಬೇಕು. "ಗಾಯತ್ರೀ! ಕೈ ಒರೆಸ್ತಾ ನಿಲ್ಬೇಡಿ, ಓಡಿ ಬನ್ನಿ!"

ನಾನು ಬಿದ್ದೆನೆಂದುಕೊಂಡು ಇಬ್ಬರೂ ಓಡಿ ಬಂದರು, ಗಂಗೂ ಕೈಯಲ್ಲಿ ಸೌಟು ಹಿಡಿದುಕೊಂಡೇ. ಬಾಯಿ ಮುಚ್ಚಿ ಎಂದು ಸನ್ನೆ ಮಾಡಿ, ಇಬ್ಬರ ಕೈಯನ್ನೂ ಎಳೆದು ಕೊಳವೆಯ ಮೇಲೆ ಇಟ್ಟೆ. ಗಾಯತ್ರಿಯ ಹುಬ್ಬು ಮೇಲೇರಿತು. ಗಂಗೂ ಕೊಳವೆ ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಕೊಳವೆ ನೋಡಿದಳು. ಎರಡು ಉಸಿರಿನಷ್ಟು ಹೊತ್ತು ಕಳೆದಿರಬಹುದು. ಟಕ್ ಎಂದು ಸದ್ದು ನಿಂತಿತು.

"ಇದ್ಯಾ?" ಎಂದಳು ಗಂಗೂ. "ನಿಮ್ಗೆ ಕೇಳ್ತಿದ್ದದ್ದು ಇದ್ಯಾ?"

ನಾನು ಹೌದೆಂದು ತಲೆಯಾಡಿಸಿದೆ. ಅಂಗಳದ ಮಧ್ಯದಲ್ಲಿ, ಸೌಟು ಹಿಡಿದ ಹೆಂಡತಿಯ ಎದುರು, ಅರವತ್ತಾರರ ಗಂಡಸು ಹೋ ಎಂದು ಅತ್ತೆ. ಅಳುತ್ತಲೇ ನಗು ಬಂತು. ಮೂರು ವಾರದಿಂದ ಎದೆಯ ಮೇಲೆ ಕುಳಿತಿದ್ದದ್ದು ಎದ್ದು ಹೋಯಿತು. ಆ ಹಗುರವನ್ನು ಹೇಗೆ ಹೇಳಲಿ, ಗಾಳಿ ಕೂಡ ಬೇರೆ ರುಚಿಯಾಗಿತ್ತು.

ಗಾಯತ್ರಿ ಶಿರವಾಡದ ರಕ್ಷಿತಾಳಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಇಟ್ಟಳು. ರಜೆಯ ದಿನವಾದರೂ ಹುಡುಗಿ ಎತ್ತಿದಳು.

"ಅದು ಇರೂದೇ ಹಂಗೆ ಗಾಯತ್ರಕ್ಕ" ಎಂದಳು. "ಆ ಗಾಡಿಗೆ ಬೆಲ್ಟೇ ಇಲ್ಲ. ವಾಟರ್ ಪಂಪ್ ಕರೆಂಟಿಂದು, ಬ್ಯಾಟರಿ ಮೇಲೆ ನಡೀತದೆ. ಇಂಜಿನ್ ಜೋರು ಕಾದಿದ್ರೆ ಬಂದ್ ಮಾಡಿದ್ ಮೇಲೂ ಎರಡ್ಮೂರು ನಿಮಿಷ ತಾನೇ ತಿರುಗಿ ತಂಪು ಮಾಡ್ತದೆ. ತಣ್ಣಗಿದ್ರೆ ತಿರುಗೂದಿಲ್ಲ. ಗಾಡಿ ಕೊಡೂ ದಿನ ಅಜ್ಜಂಗೆ ಹೇಳೂಕೆ ಹೋಗಿದ್ದೆ, ಅವ್ರು..."

"ಗೊತ್ತದೆ, ಗೊತ್ತದೆ" ಎಂದೆ ನಾನು.

"ಅವತ್ತೂ ಹೀಂಗೇ ಅಂದ್ರಿ ಅಜ್ಜಾ."

ಗಂಗೂ, ಗಾಯತ್ರಿ, ಫೋನಿನೊಳಗಿನ ರಕ್ಷಿತಾ, ಮೂವರೂ ಒಟ್ಟಿಗೆ ನಕ್ಕರು. ನಾನು ಬೈಸಿಕೊಳ್ಳಲು ತಯಾರಾಗಿ ನಿಂತೆ. ಬೈಗುಳವೂ ಆ ದಿನ ಸಿಹಿಯೇ. ನೋಡಿ, ಬೆಲ್ಟಿನ ಪಂಪು ಸರಕಾರಿ ನೌಕರನ ಹಾಗೆ, ಇಂಜಿನ್ ಎದ್ದು ಹೊರಟ ಕೂಡಲೇ ತಾನೂ ಎದ್ದು ಹೊರಡುತ್ತದೆ. ಈ ಕರೆಂಟಿನದು ಎಲ್ಲರೂ ಹೋದ ಮೇಲೆ ಪಾತ್ರೆ ತೊಳೆದಿಟ್ಟು ಮಲಗುವ ಜಾತಿ. ಬೆಲ್ಟು ಸಾಯುವ ಮುಂಚೆ ಕಿರುಗುಟ್ಟಿ ಹೇಳುತ್ತದೆ, ದಾರಿಬದಿಯಲ್ಲೇ ಬದಲಿಸಬಹುದು ಎಂಬ ಮಾತನ್ನು ನಾನು ಈಗಲೂ ಬಿಟ್ಟುಕೊಡುವುದಿಲ್ಲ. ಆದರೆ ಘಟ್ಟ ಹತ್ತಿ ಬಂದ ಇಂಜಿನ್‌ಗೆ ಎರಡು ನಿಮಿಷ ಉಸಿರು ಬಿಡಲು ಬಿಡಬೇಕು ಎಂದು ನಾನು ಮೂವತ್ತೊಂದು ವರ್ಷ ಬೈಸಿಕೊಂಡು ಮಾಡಿದ್ದನ್ನೇ ಅದು ಯಾರೂ ಹೇಳದೆ ಮಾಡುತ್ತಿತ್ತು. ನನ್ನದೇ ಪದ್ಧತಿಗೆ ನಾನೇ ಹೆದರಿದ್ದೆ.

ನಗು ಇಳಿದ ಮೇಲೆ ನೋಡಿದರೆ ಅತ್ತಿಗೆ ಇನ್ನೂ ಕಾರಿನಲ್ಲೇ ಕುಳಿತಿದ್ದಳು. ಬಾಗಿಲು ತೆಗೆದು ಕೈ ಕೊಟ್ಟೆ. ಅವಳು ಕೈ ಹಿಡಿದಳು, ಏಳಲಿಲ್ಲ.

"ನಿನ್ನ ಅಣ್ಣಂಗೂ ಹೀಂಗೇ ಕೇಳ್ತಿತ್ತೇನೋ" ಎಂದಳು.

"ಅತ್ತಿಗೆ, ಅಲ್ಲಿ ಪಂಪು ಬಂದ್ ಆಗೇ ಇತ್ತಲ್ಲ. ನೀನೇ ನೋಡಿದ್ದೆ."

"ಬಂದ್ ಆಗೇ ಇತ್ತು. ಅದು ನಂಗೂ ಗೊತ್ತು." ಅವಳು ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು. "ಸುರುವಿಗೆ ಎರಡ್ಮೂರು ಸಲ ಬಾವಿವರೆಗೆ ಹೋದೆ. ಆಮೇಲೆ ಒಲೆ ಮುಂದಿಂದ್ಲೇ ಕೂಗ್ತಿದ್ದೆ, ಬಂದ್ ಅದೆ, ಬಂದ್ ಅದೆ, ಸುಮ್ನೆ ಕೂಡ್ರಿ ಅಂತ. ಅವ್ರು ಒಬ್ರೇ ಹೋಗಿ ಬಾವಿಕಟ್ಟೆ ಮೇಲೆ ಕುಂತು ಕೇಳ್ತಿದ್ರು. ಅವ್ರ ಸಂಗಡ ಹೋಗಿ ಕುಂತಿದ್ರೆ ನಂದೆಂತಾ ಹೋಗ್ತಿತ್ತು ಜಟ್ಟಪ್ಪಾ? ಅನ್ನ ಸೀದು ಹೋಗ್ತಿತ್ತು, ಅಷ್ಟೇ."

ಗಂಗೂ ಸೌಟನ್ನು ಗಾಯತ್ರಿಯ ಕೈಗೆ ಕೊಟ್ಟು, ಬಗ್ಗಿ, ಅತ್ತಿಗೆಯ ಕಂಕುಳಿಗೆ ಕೈ ಹಾಕಿ ಮೆಲ್ಲಗೆ ಎಬ್ಬಿಸಿದಳು. ಆ ದಿನ ಬಂಗಡೆ ಸಾರು ತಳ ಹಿಡಿದಿತ್ತು, ಒಬ್ಬರೂ ತಕರಾರು ಮಾಡಲಿಲ್ಲ.

ಹುಬ್ಬಳ್ಳಿಗೆ ಹೋಗುವುದು ರದ್ದಾಯಿತು. ಸೋಮವಾರ ಬೆಳಿಗ್ಗೆ ನಾನು ಇಸ್ತ್ರಿ ಅಂಗಿ ಹಾಕಿಕೊಂಡು ಮಗಳನ್ನು ಕಾರವಾರಕ್ಕೆ ಬಿಟ್ಟೆ. ಮಧ್ಯಾಹ್ನ ಶಿರವಾಡಕ್ಕೆ ಹೋಗಿ ರಕ್ಷಿತಾಳ ಎದುರು ಸ್ಟೂಲು ಹಾಕಿಕೊಂಡು ಕುಳಿತು, "ಈಗ ಹೇಳು, ಟಯರಿಂದ ಹಿಡಿದು ವೈಪರ್‌ವರೆಗೆ" ಎಂದೆ. ಒಂದೂವರೆ ತಾಸು ಹೇಳಿದಳು. ಅರ್ಧ ತಲೆಗೆ ಹೋಯಿತು. ಆ ತಲೆ ಇನ್ನೂ ನನ್ನದೇ ಎಂಬ ಖುಷಿಯಲ್ಲಿ ಇನ್ನರ್ಧ ಹೋಗದಿದ್ದರೂ ಬೇಜಾರಾಗಲಿಲ್ಲ.

ಸಂಜೆ ಕೇಣಿಯ ಅಂಗಳದಲ್ಲಿ ಕಾರು ನಿಲ್ಲಿಸಿ ಬಂದ್ ಮಾಡಿದೆ. ಗಾಯತ್ರಿ ಬಚ್ಚಲಿಗೆ ಓಡಿದಳು. ಸದ್ದು ಶುರುವಾಯಿತು. ನಾನು ಕೂಗಲಿಲ್ಲ, ಕೂಗುವ ಕಾರಣವೇ ಇರಲಿಲ್ಲ. ಬಟ್ಟೆ ತೆಗೆದು ಗಾಜು ಒರೆಸಲು ತಿರುಗಿದರೆ ಗಂಗೂ ಆಗಲೇ ಕಾರಿನ ಮುಂದೆ ನಿಂತಿದ್ದಳು. ಕೈ ಒರೆಸಿಕೊಂಡಿರಲಿಲ್ಲ, ಬೆರಳ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಒಲೆ ಮೇಲೆ ಎಂತಾ ಅದೆ?" ಎಂದೆ.

"ಇರ್ಲಿ" ಎಂದಳು. ಬಾನೆಟ್ಟಿಗೆ ಸೊಂಟ ಒರಗಿಸಿ ನಿಂತು, ತಲೆ ಒಂದಿಷ್ಟು ವಾಲಿಸಿ, ಸದ್ದು ನಿಲ್ಲುವವರೆಗೂ ನನ್ನ ಜೊತೆ ಕೇಳಿದಳು.

"ನಿಂತ್ತು" ಎಂದಳು ಆಮೇಲೆ. "ಬನ್ನಿ, ಚಾ ಆಗ್ಯದೆ."